ಕ್ಲಚ್ ಇಲ್ಲದ ಕಾರು

ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುತ್ತಿದ್ದ ವಿಜೇತಾಳಿಗೆ, ಹಿಂದಿನ ಮೇಜಿನ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಕರೆಂಟಿನ ಕಾರು ಬೇಡ, ಅನಂತಮತಿ. ಮಳೆಗಾಲದಲ್ಲಿ ಇಲ್ಲಿ ಕರೆಂಟೇ ಇರುದಿಲ್ಲ.”

“ಆವತ್ತು ಹೋಗುದಿಲ್ಲ. ಈಗೇನು ದಿನಾ ಹೋಗ್ತಾ ಇದ್ದೇನಾ?”

“ಚಾರ್ಮಾಡಿ ಘಾಟಿಯಲ್ಲಿ ಚಾರ್ಜ್ ಮುಗಿದ್ರೆ?”

“ಘಾಟಿ ಹತ್ಲಿಕ್ಕೆ ಯಾರಿಗುಂಟು ಮಾರಾಯ್ರೆ? ನನಗೆ ಬಂಟ್ವಾಳದ ಅಕ್ಕನ ಮನೆಗೆ ಮುಟ್ಟಿದ್ರೆ ಸಾಕು.”

“ಗೇರು, ಕ್ಲಚ್ಚು ನಿನ್ನಿಂದ ಆಗುದಿಲ್ಲ ಅಂತ ಆವತ್ತೇ ಹೇಳಿದ್ದೇನೆ.”

“ಇದರಲ್ಲಿ ಎರಡೂ ಇಲ್ಲ. ನೀವು ಮದುವೆಗೆ ಹೋದ ದಿನ ಶೋರೂಮಿಗೆ ಹೋಗಿ ಕಾರು ಬಿಟ್ಟು ನೋಡಿಯೇ ಬಂದಿದ್ದೇನೆ.”

ಗಂಡಸಿನ ಲೋಟ ಮೇಜಿಗೆ ಬಡಿಯಿತು.

“ಅಕ್ಕನ ಮನೆಗೆ ನಾನು ಕರ್ಕೊಂಡು ಹೋಗುದಿಲ್ವಾ?”

“ಹೋಗ್ತೀರಿ. ಕಾರಿಂದ ಇಳಿಯುದಿಲ್ಲ. ಗೇಟಿನ ಹತ್ರ ಕೂತು ಹಾರ್ನ್ ಹಾಕ್ತೀರಿ. ಅಕ್ಕ ಮಾಡಿದ ಕಾಫಿ ಇವತ್ತಿನವರೆಗೆ ನಾನು ಪೂರ್ತಿ ಕುಡಿದದ್ದಿಲ್ಲ.”

ಗಂಡ ಎದ್ದು ಹೊರಗೆ ಕಾರಿನತ್ತ ನಡೆದರು. ಸ್ವಲ್ಪದರಲ್ಲೇ ರಸ್ತೆಯಿಂದ ಹಾರ್ನ್ ಕೇಳಿತು. ಹಾರ್ನ್ ಕೇಳಿದೊಡನೆ ಏಳುವ ಅಭ್ಯಾಸ ವಿಜೇತಾಳಿಗೂ ಇತ್ತು; ಚೀಲ ಹಿಡಿದು ಅರ್ಧ ಎದ್ದೇಬಿಟ್ಟಳು.

“ನೀವು ಕೂತ್ಕೊಳ್ಳಿ, ಅದು ನಮ್ಮದು,” ಎಂದರು ಅನಂತಮತಿ, ಲೋಟದ ಕಾಫಿಯನ್ನು ಊದುತ್ತ.

ಹಾರ್ನ್ ಮತ್ತೆ ಕೂಗಿತು. ಇನ್ನೂ ಜೋರಾಗಿ, ಮತ್ತೊಮ್ಮೆ. ಅನಂತಮತಿ ಕೊನೆಯ ಗುಟುಕಿನವರೆಗೂ ಕುಡಿದರು. ಖಾಲಿ ಲೋಟವನ್ನು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಹೊರಗೆ ಹೋದರು.