ಲಂಗದ ಒಳಜೇಬು

ಹೊಸ ರವಿಕೆ ಹಾಕಿ ನೋಡಲು ಟೀಚರಮ್ಮ ಹೊಲಿಗೆ ಅಂಗಡಿಯ ಪರದೆ ಹಿಂದೆ ಹೋಗಿದ್ದಳು. ಅಷ್ಟರಲ್ಲಿ ಹೊರಗೆ ಯಾರೋ ಏದುಸಿರು ಬಿಡುತ್ತಾ ಬಂದರು.

“ಅಕ್ಕಾ, ಮಗಳ ಸ್ಕೂಲ್ ಲಂಗಕ್ಕೆ ಒಳಗಡೆ ಒಂದು ಜೇಬು ಹಾಕ್ಕೊಡಿ. ಸ್ವಲ್ಪ ಉದ್ದಕ್ಕಿರಲಿ.”

“ಎಷ್ಟುದ್ದ ತಾಯಿ?”

“ಈ ಚಾಕು ಹಿಡಿಸೋಷ್ಟು.”

ಹೊಲಿಗೆಯವಳ ಮಿಷನ್ನು ಗಕ್ಕನೆ ನಿಂತಿತು. “ಈ ವಾರ ನೀನು ನಾಲ್ಕನೆಯವಳು ಕಣೇ. ಅದೇ ಕಬ್ಬಿನ ಗದ್ದೆ ದಾರೀನಾ?”

“ಅದೇ. ಪರೀಕ್ಷೆಗೆ ಅಂತ ಸ್ಕೂಲಲ್ಲಿ ಮಾಡೋ ಸಂಜೆ ಕ್ಲಾಸು ಮುಗಿಯೋಷ್ಟರಲ್ಲಿ ಕತ್ತಲಾಗಿರುತ್ತೆ. ನಿನ್ನೆ ಬೈಕಿನೋರು ಅವಳ ಜಡೆ ಹಿಡಿದು ಎಳೆದ್ರಂತೆ.”

“ಪೊಲೀಸ್ರಿಗೆ ಹೇಳ್ಲಿಲ್ವಾ?”

“ಹೇಳ್ದೆ. ಹೆಣ್ಣುಮಗೂನ ಅಷ್ಟೊತ್ತಲ್ಲಿ ಯಾಕೆ ಕಳಿಸ್ತೀಯ ಅಂತ ನನಗೇ ಬೈದ್ರು.”

ಹೊಲಿಗೆಯವಳು ಬೇಕಂತಲೇ ಕೆಮ್ಮಿದಳು. “ಟೀಚರಮ್ಮನ ಕಿವಿಗಾದ್ರೂ ಹಾಕು.”

“ಅಯ್ಯೋ, ಅವರಿಗೆ ಗೊತ್ತಾದ್ರೆ ಮುಗೀತು! ಹೋದ್ವರ್ಷ ನಮ್ಮ ಓರಗಿತ್ತಿ ಹೋಗಿ ದಾರೀಲಿ ಹಿಂಗೇ ಕಾಟ ಅಂತ ಹೇಳಿದ್ಲು. ಕಂಪ್ಯೂಟರ್ ಕ್ಲಾಸಿಗೆ ಹೆಣ್ಣುಮಕ್ಕಳು ಬರೋದೇ ಬೇಡ ಅಂದ್ಬಿಟ್ರು. ಕಲಿತಿದ್ದೆಲ್ಲ ಗಂಡುಹುಡುಗರೇ. ಈ ಕ್ಲಾಸೂ ತಪ್ಪಿದ್ರೆ ಅವಳಪ್ಪ ಪರೀಕ್ಷೆ ತನಕ ಕಾಯಲ್ಲ, ಮದುವೆ ಮಾಡಿ ಕೈ ತೊಳ್ಕೋತಾನೆ.”

ಪರದೆ ಹಿಂದೆ ಟೀಚರಮ್ಮನ ಬೆರಳು ಹುಕ್ಕಿನ ಮೇಲೇ ನಿಂತಿತ್ತು. ಹೋದ ವರ್ಷ ಆ ನೋಟಿಸು ಬರೆದದ್ದು ಅವಳೇ. ಹೆಣ್ಣುಮಕ್ಕಳ ಒಳ್ಳೆಯದಕ್ಕೇ ಅಂದುಕೊಂಡು ಬರೆದಿದ್ದಳು.

“ಚಾಕು ಇಲ್ಲೇ ಬಿಟ್ಟು ಹೋಗು, ಅಳತೆ ತಗೋತೀನಿ.”

“ಆಗಲ್ಲಕ್ಕಾ. ಇವತ್ತೂ ಕ್ಲಾಸಿದೆ, ಅವಳ ಕೈಗೆ ಕೊಟ್ಟು ಬರ್ಬೇಕು. ಗೇಣುದ್ದ ಅಂತ ಬರ್ಕೊಳ್ಳಿ.”

ಚಪ್ಪಲಿ ಸದ್ದು ದಡದಡ ಸ್ಕೂಲಿನ ಕಡೆ ಹೋಯಿತು.