ಡೊಂಕು ತಗಡಿನ ಬಸ್ಸು

ಪುಣೆಯಲ್ಲಿ ಎಲ್ಲೇ ಕನ್ನಡ ಕೇಳಿಸಿದರೂ ನನ್ನ ಕಿವಿ ಅತ್ತಲೇ ಹೋಗುತ್ತದೆ. ೧೯೮೧ರ ಒಂದು ಬೆಳಿಗ್ಗೆ, ಮಾರ್ಕೆಟ್ ಯಾರ್ಡಿನ ಬಸ್ ಸ್ಟಾಪಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ನಿಂತಿದ್ದರು. ಒಬ್ಬಳು ಖಾಲಿ ಬುಟ್ಟಿ ಹಿಡಿದ ಗಾರೆ ಕೆಲಸದ ಹೆಂಗಸು. ಇನ್ನೊಬ್ಬ ಬಸ್ ಡಿಪೋದವನು, ಖಾಕಿ ಅಂಗಿಯ ತುಂಬ ಗ್ರೀಸು.

“ಹುಸೇನಪ್ಪ, ನಮ್ಮ ಕೋಥರೂಡ ಬಸ್ ಎಲ್ಲಿ ಹೋತು? ಮುಂದಿನ ತಗಡು ಡೊಂಕಿತ್ತಲ್ಲ, ಅದು.”

“ದಿನಾ ಬರ್ತದ ಚಂದಮ್ಮಕ್ಕ. ಹಳೇ ಬಸ್ಸೆಲ್ಲಾ ರಿಪೇರಿ ಮಾಡಾಕತ್ತೀವಿ. ಆ ಡೊಂಕು ನಾನೇ ಬಡದು ತೆಗದೆ. ಕೆಂಪು ಬಣ್ಣಾನೂ ಹೊಡದೀನಿ. ಈಗ ಎಲ್ಲಾ ಒಂದೇ ಥರ ಕಾಣ್ತಾವ!”

“ಅದಕ್ಕ ನಿನ್ನಿ ನಾ ಬ್ಯಾರೆ ಬಸ್ ಹತ್ತಿ ಹಡಪಸರಕ್ಕ ಹೋದೆ.”

“ಮ್ಯಾಲೆ ಬೋರ್ಡ್ ಇರ್ತದಲ್ಲ ಅಕ್ಕ?”

“ನನಗ ಓದಾಕ ಬಂದಿದ್ರ ಸಿಮೆಂಟ್ ಯಾಕ ಹೊರ್ತಿದ್ದೆ? ಆರು ವರ್ಷ ಆ ಡೊಂಕು ನೋಡೇ ಹತ್ತೀನಿ. ಇನ್ನೊಂದು ಸಲ ತಡಾ ಆದ್ರ ಕೆಲಸಕ್ಕ ಬರಬ್ಯಾಡ ಅಂದಾನ ಮುಕಾದಮ.”

ಅಷ್ಟರಲ್ಲಿ ಎರಡು ಕೆಂಪು ಬಸ್ಸುಗಳು ಒಂದರ ಹಿಂದೊಂದು ತಿರುವಿನಲ್ಲಿ ಕಾಣಿಸಿದವು. ಹುಸೇನಪ್ಪ ಕೈ ತೋರಿಸಹೋದ. ಚಂದಮ್ಮ ಬೇಡವೆಂದು ತಡೆದು, ಕಣ್ಣು ಮುಚ್ಚಿ ಆಲಿಸಿದಳು.

“ಹಿಂದಿಂದು ನಮ್ಮದು. ಆ ಕೆಮ್ಮು ಅದರದ್ದೇ.”

“ಖರೆ ಅಕ್ಕ. ಆದ್ರ ಸೋಮವಾರ ಅದರ ಎಂಜಿನ್ನೂ ಬಿಚ್ಚತೀವಿ.”

ಅವಳು ಬಸ್ಸು ಹತ್ತಿ, ಮೆಟ್ಟಿಲ ಮೇಲಿಂದಲೇ ತಿರುಗಿದಳು.

“ಯಪ್ಪಾ, ಅದನ್ನಾದ್ರೂ ಹಂಗ ಬಿಡು.”