ಎಮ್ಮೆ ಬಲ್ಲ ಸೀರೆ

ಹೆಸರು: ಬೀರ ಹಮ್ಮ ನಾಯ್ಕ. ವಯಸ್ಸು: 56 ವರ್ಷ. ಉದ್ಯೋಗ: ಚಿರೆಕಲ್ಲು ಕಟ್ಟುವ ಕೆಲಸ, ಜೊತೆಗೆ ಹೈನು. ವಾಸ: ಮಂಕಿ, ಹೊನ್ನಾವರ ತಾಲೂಕು.

ಇಂದು ಬೆಳಿಗ್ಗೆ ಸೀರೆ ಉಟ್ಟು ರಸ್ತೆಯಲ್ಲಿ ಓಡಾಡುತ್ತಿದ್ದ ಗಂಡಸು ಯಾರು, ಯಾವ ಉದ್ದೇಶದಿಂದ ಎಂದು ಠಾಣೆಯಲ್ಲಿ ವಿಚಾರಿಸಿದ್ದಕ್ಕೆ ನಾನು ಹೇಳಿ ಬರೆಸುವುದೇನೆಂದರೆ:

ಆ ಗಂಡಸು ನಾನೇ. ಸೀರೆ ನನ್ನ ಹೆಂಡತಿ ಗಣಪಿಯದು. ಅವಳು ಕಳೆದ ಜುಲೈ ತಿಂಗಳಲ್ಲಿ ಎದೆನೋವು ಬಂದು, ಹೊನ್ನಾವರಕ್ಕೆ ಕರೆದೊಯ್ಯುವ ದಾರಿಯಲ್ಲಿ ತೀರಿಕೊಂಡಳು. ನಮ್ಮ ಮನೆಯಲ್ಲಿ ಚೌಡಿ ಎಂಬ ಒಂದು ಎಮ್ಮೆ ಇದೆ. ಅದು ಮೇ ತಿಂಗಳಲ್ಲಿ ಕರು ಹಾಕಿತ್ತು. ಕರು ವಾರದಲ್ಲೇ ಸತ್ತಿತು. ಕರುವಿಲ್ಲದ ಎಮ್ಮೆ ಕೆಚ್ಚಲಿಗೆ ಹಾಲಿಳಿಸುವುದು ಕಷ್ಟ. ಆದರೆ ಗಣಪಿ ಅದರ ಮುಂದೆ ಬುಟ್ಟಿ ಇಟ್ಟು, ಮೊದಲ ನಾಲ್ಕು ತುತ್ತು ಕೈಯಿಂದ ತಿನ್ನಿಸಿದರೆ ಹಾಲಿಳಿಸುತ್ತಿತ್ತು. ಬೆಳಿಗ್ಗೆ ನಾಲ್ಕು ಲೀಟರ್, ಸಂಜೆ ಮೂರು. ಡೈರಿಯಲ್ಲಿ ಅವಳ ಹಾಲಿನ ಫ್ಯಾಟ್ ಬಗ್ಗೆ ಯಾರೂ ತಕರಾರು ಎತ್ತಿದ್ದಿಲ್ಲ.

ಅವಳು ಕೊಡುತ್ತಿದ್ದುದು ರಾತ್ರಿ ನೆನೆಹಾಕಿದ ಹತ್ತಿಕಾಳು, ಶೇಂಗಾ ಹಿಂಡಿ, ಬೇಯಿಸಿದ ಹುರುಳಿ, ತೌಡು, ಒಂದು ಹಿಡಿ ಉಪ್ಪು, ಪಶುವೈದ್ಯರು ಹೇಳಿದ ಖನಿಜದ ಪುಡಿ. ಎಲ್ಲವನ್ನೂ ಅಕ್ಕಿ ತೊಳೆದ ಉಗುರುಬೆಚ್ಚಗಿನ ಅಕ್ಕಚ್ಚಿನಲ್ಲಿ ಕಲಸುತ್ತಿದ್ದಳು. ಹಸಿಹುಲ್ಲು ಮೊದಲು, ಒಣಹುಲ್ಲು ಆಮೇಲೆ. ಹಿಂಡಿ ಬದಲಿಸಬೇಕಾದರೆ ಒಂದು ವಾರ ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಸೇರಿಸಬೇಕು, ಇಲ್ಲವಾದರೆ ಹೊಟ್ಟೆ ಕೆಡುತ್ತದೆ ಎಂದು ನನಗೆ ಹೇಳುತ್ತಿದ್ದಳು. ಹಾಲು ಕೆಚ್ಚಲಲ್ಲಿಲ್ಲ, ಬಾಯಲ್ಲಿದೆ ಎನ್ನುವುದು ಅವಳ ಮಾತು. ನಾನು ಗೋಡೆ ಕಟ್ಟುವವನು, ಹೂಂ ಅನ್ನುತ್ತಿದ್ದೆ.

ಅವಳು ಹೋದ ಮೇಲೆ ಇದನ್ನೆಲ್ಲ ನಾನೇ ಮಾಡಿದೆ. ಒಂದೂ ಬಿಡಲಿಲ್ಲ. ಚೌಡಿ ಬುಟ್ಟಿ ಮೂಸಿ ಮುಖ ಆಚೆ ತಿರುಗಿಸಿತು. ಹಾಲು ಅರ್ಧ ಲೀಟರಿಗೆ ಇಳಿಯಿತು, ಆಮೇಲೆ ಅದೂ ಇಲ್ಲ. ಪಕ್ಕೆಲುಬು ಕಾಣತೊಡಗಿತು. ಪಶುವೈದ್ಯರು ಬಂದು ನೋಡಿ ಜ್ವರವಿಲ್ಲ, ಹೊಟ್ಟೆ ಸರಿ ಇದೆ, ಅದಕ್ಕೆ ಬೇಸರವಾಗಿರಬೇಕು ಎಂದರು. ಬೇಸರಕ್ಕೆ ಔಷಧ ಕೇಳಿದರೆ ಅವರ ಬಳಿ ಇರಲಿಲ್ಲ.

ಪಕ್ಕದ ಮನೆಯ ಮುದುಕಿ ಸಣ್ಣಿ ಎಂಬುವರು ಬೇಲಿಯ ಆಚೆಯಿಂದಲೇ ಹೇಳಿದರು: "ಅದ್ಕೆ ಬೇಕಾದ್ದು ಹಿಂಡಿ ಅಲ್ಲ ಮಾರಾಯಾ, ಗಣಪಿ. ಅವ್ಳು ಕೊಟ್ಟಿಗೆಗೆ ಉಡ್ತಿದ್ದ ಸೀರೆ ಇದ್ರೆ ಉಟ್ಕಂಡ್ ಹೋಗಿ ನೋಡು." ನಮ್ಮ ಕಡೆ ಹಿಂದಿನಿಂದಲೂ ಹೀಗೆ ಮಾಡುವುದಿದೆ. ಮನೆಯ ಹೆಂಗಸು ಊರಿಗೆ ಹೋದರೆ ಅವಳ ಸೀರೆ ಹೊದ್ದು ಎಮ್ಮೆಯ ಹಾಲು ಕರೆಯುವುದನ್ನು ನಾನೂ ಚಿಕ್ಕಂದಿನಲ್ಲಿ ಕಂಡಿದ್ದೇನೆ. ಊರಿಗೆ ಹೋದವರು ತಿರುಗಿ ಬರುತ್ತಾರೆ ಎನ್ನುವುದೊಂದೇ ವ್ಯತ್ಯಾಸ.

ಆದರೆ ಸೀರೆಗಳಿರಲಿಲ್ಲ. ಕುಮಟೆಗೆ ಮದುವೆಯಾಗಿ ಹೋಗಿರುವ ನನ್ನ ಮಗಳು ಚಂದನಾ, ತಾಯಿಯ ಬಟ್ಟೆ ಕಂಡರೆ ಅಪ್ಪ ಕೊರಗುತ್ತಾನೆಂದು ಸಾವಿನ ದಿನಕರ್ಮ ಮುಗಿದ ಮೇಲೆ ಎಲ್ಲವನ್ನೂ ಒಗೆದು ಬೇರೆಯವರಿಗೆ ಕೊಟ್ಟಿದ್ದಳು. ಅವಳದು ತಪ್ಪಲ್ಲ. ಕೊಟ್ಟಿಗೆಯ ಗಳದ ಮೇಲೆ, ಹುಲ್ಲಿನ ಹಿಂದೆ, ಒಂದು ಹಸಿರು ಚೌಕುಳಿಯ ನೂಲಿನ ಸೀರೆ ಮಾತ್ರ ಅವಳ ಕಣ್ಣಿಗೆ ಬೀಳದೆ ಉಳಿದಿತ್ತು. ಅದರ ಅಂಚಿನಲ್ಲಿ ಗಣಪಿ ಕೈ ಒರೆಸಿಕೊಂಡ ಹಿಂಡಿಯ ಕಲೆ ಇದೆ. ನಾನು ಅದನ್ನು ಉಟ್ಟು ಹೋದೆ. ಚೌಡಿ ಬಹಳ ಹೊತ್ತು ಸೆರಗು ಮೂಸಿತು, ಆಮೇಲೆ ನನ್ನ ಕೈಯಿಂದ ತುತ್ತು ತೆಗೆದುಕೊಂಡಿತು. ಅಂದು ಎರಡು ಲೀಟರ್ ಹಾಲಾಯಿತು. ನಾನು ಕೊಟ್ಟಿಗೆಯಲ್ಲೇ ಕುಳಿತು ಅತ್ತೆ. ಅಂದಿನಿಂದ ದಿನವೂ ಉಟ್ಟಿದ್ದೇನೆ, ಒಂದು ದಿನವೂ ಒಗೆದಿಲ್ಲ.

ಇಂದು ಬೆಳಿಗ್ಗೆ 6-15ಕ್ಕೆ ಹಿಂಡಿ ಕಲಸುತ್ತಿರುವಾಗ ಚೌಡಿ ಹಗ್ಗ ಕಿತ್ತುಕೊಂಡು ರಸ್ತೆಗೆ ಹೋಯಿತು. ಲುಂಗಿಯಲ್ಲಿ ಹೋದರೆ ಅದು ನನ್ನ ಮಾತು ಕೇಳುವುದಿಲ್ಲ. ಆದ್ದರಿಂದ ಸೀರೆಯಲ್ಲೇ, ಒಂದು ಗೋಣಿಚೀಲದಲ್ಲಿ ಸ್ವಲ್ಪ ಹುಲ್ಲು ತುಂಬಿಕೊಂಡು ಹಿಂದೆ ಓಡಿದೆ. ಹೊನ್ನಾವರದ ಹತ್ತಿರದ ಕಾಸರಕೋಡದಿಂದ ಸ್ಕೂಟರಿನಲ್ಲಿ ಮೀನು ತರುತ್ತಿದ್ದ ವಿನೋದ ಎಂಬ ಯುವಕ ನನ್ನನ್ನು ಕಂಡ. ಮಕ್ಕಳ ಕಳ್ಳರು ವೇಷ ಹಾಕಿಕೊಂಡು ಬರುತ್ತಾರೆಂದು ಯಾರೋ ಮೊಬೈಲಿನಲ್ಲಿ ಕಳಿಸಿದ್ದನ್ನು ಆತ ನಂಬಿದ್ದ. ಮೀಸೆ, ಸೀರೆ, ಚೀಲ ಮೂರೂ ಒಟ್ಟಿಗೆ ಸಿಕ್ಕರೆ ಅವನಾದರೂ ಎಂತ ಮಾಡಬೇಕು. ಸೀರೆ ಹಿಡಿದು ಎಳೆದ. ನಾನು ಬಿದ್ದೆ. ನಾಲ್ಕು ಜನ ಸೇರಿದರು, ಯಾರೋ 112ಕ್ಕೆ ಫೋನು ಮಾಡಿದರು. ಸೀರೆ ಕೆಸರಾಯಿತು, ಒಂದು ಗೇಣು ಹರಿಯಿತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟಿಲ್ಲ. ಸೀರೆ ಉಟ್ಟ ಗಂಡಸನ್ನು ಕಂಡರೆ ನಗು ಬರುವುದು ಸಹಜ, ಜನ ನಕ್ಕರು. ಸಣ್ಣಿಯವರು ಬಂದು ವಿಷಯ ತಿಳಿಸಿದ ಮೇಲೆ ನಗು ನಿಂತಿತು. ಎಮ್ಮೆಯನ್ನು ವಿನೋದನೇ ಹಿಡಿದು ಕಟ್ಟಿದ್ದಾನೆ. ಅವನ ಮೇಲೆ ನನ್ನ ದೂರು ಇಲ್ಲ.

ಪೊಲೀಸರು ವಿಚಾರಣೆಗೆ ಕರೆತಂದ ಮೇಲೆ ಠಾಣೆಯಲ್ಲಿ ನನಗೆ ಉಡಲು ಲುಂಗಿ ಕೊಟ್ಟರು. ಮಹಿಳಾ ಪೊಲೀಸ್ ಸೌಜನ್ಯಾ ಅವರು ಸೀರೆಯ ಕೆಸರು ಕಂಡು, ಒಳ್ಳೆಯ ಮನಸ್ಸಿನಿಂದಲೇ, ತೊಳೆದು ಕೊಡುತ್ತೇನೆಂದು ನಲ್ಲಿಯ ಹತ್ತಿರ ಒಯ್ದರು. ಆಗ ನಾನು ದೊಡ್ಡ ಸ್ವರ ಮಾಡಿದ್ದು ನಿಜ. ಅದಕ್ಕೆ ಕ್ಷಮೆ ಇರಲಿ. ನಾನು ಹೇಳಿದ್ದು ಇಷ್ಟೇ: "ಒಗೀಬೇಡ ತಂಗಿ, ಎಮ್ಮೆ ಉಪಾಸ ಬೀಳ್ತದೆ." ಅವರು ನಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಸೆರಗಿನ ಒಂದು ಮೂಲೆ ಒದ್ದೆಯಾಗಿತ್ತು. ಉಳಿದದ್ದಕ್ಕೆ ನೀರು ತಾಗಿಲ್ಲ. ಎಲ್ಲ ಕೇಳಿಕೊಂಡ ಮೇಲೆ ಅವರು, ಈ ವಾಸನೆ ಬೇಕಾಗಿರುವುದು ಎಮ್ಮೆಗೆ ಮಾತ್ರವೋ ಎಂದು ಕೇಳಿದರು.

ಚೌಡಿ ಇನ್ನು ಮೂರು ತಿಂಗಳಲ್ಲಿ ಹಾಲು ಬತ್ತಿಸುತ್ತದೆ. ನನ್ನ ಕೈಗೂ ಮೆಲ್ಲಗೆ ಒಗ್ಗಿಕೊಳ್ಳುತ್ತಿದೆ. ಮೊನ್ನೆ ಸೆರಗು ಅದರ ಮೂಗಿಗೆ ಸಿಗದಂತೆ ಸೊಂಟಕ್ಕೆ ಸಿಕ್ಕಿಸಿದ್ದಾಗಲೂ ಬುಟ್ಟಿ ಖಾಲಿ ಮಾಡಿತು. ಆಮೇಲೆ ಅದಕ್ಕೆ ಸೀರೆ ಬೇಡವಾಗಬಹುದು. ಈಗ ಸೀರೆಯಲ್ಲಿ ಹಿಂಡಿಯ ವಾಸನೆಯೇ ಹೆಚ್ಚು. ಆದರೂ ಹೆಗಲಿನ ಹತ್ತಿರ ಒಂದು ಕಡೆ ಅವಳ ತಲೆಯ ಎಣ್ಣೆಯ ವಾಸನೆ ಇನ್ನೂ ಇದೆ. ಎಮ್ಮೆಗೆ ಮಾತ್ರ ಬೇಕು ಎಂದು ಬರೆಸಿದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಆದ್ದರಿಂದ ಸೀರೆಯನ್ನು ಇದ್ದ ಹಾಗೆಯೇ, ಕೆಸರಿನ ಸಮೇತ, ಸಂಜೆ ಹಾಲು ಕರೆಯುವ ಹೊತ್ತಿನೊಳಗೆ ನನ್ನ ಕೈಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಕೂಡಿಸಿದ್ದಿಲ್ಲ, ಬಿಟ್ಟದ್ದಿಲ್ಲ.

ಸ್ಥಳ: ಮಂಕಿ
ದಿನಾಂಕ: 21-11-2024
ಸಹಿ: ಬೀರ ಹಮ್ಮ ನಾಯ್ಕ

ಹಸಿರು ಚೌಕುಳಿಯ ನೂಲಿನ ಸೀರೆ ಒಂದು, ಒಗೆಯದೆ ಇರುವುದು, ಮರಳಿ ಪಡೆದಿದ್ದೇನೆ.
ಸಹಿ: ಬೀರ ಹಮ್ಮ ನಾಯ್ಕ